ಜೀವಂತ ಕೋಶವನ್ನು ಅಳೆಯುವವರಿಗೆ ಆನೆಗೊಂದಿಯಿಂದ ಒಂದು ಬಹಿರಂಗ ಪತ್ರ



ಒಂದು ಜೀವಕೋಶವನ್ನು ಒತ್ತಿದರೆ ಎಷ್ಟು ತಗ್ಗುತ್ತದೆ, ಜಗ್ಗಿದರೆ ಎಷ್ಟು ಹಿಗ್ಗುತ್ತದೆ, ಬಿಟ್ಟ ಮೇಲೆ ಎಷ್ಟು ಹೊತ್ತಿಗೆ ಮೊದಲಿನ ಆಕಾರಕ್ಕೆ ಮರಳುತ್ತದೆ ಎಂದು ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಅಳೆಯುತ್ತಿರುವ ನಿಮ್ಮೆಲ್ಲರಿಗೆ ತುಂಗಭದ್ರೆಯ ಎಡದಂಡೆಯ ಆನೆಗೊಂದಿಯಿಂದ ಈ ಪತ್ರ.

ನಾನು ಸರಕಾರಿ ದವಾಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗಂಗಾವತಿ ಸೀಮೆಯ ಜನರ ಬೆರಳು ಚುಚ್ಚಿ ರಕ್ತ ತೆಗೆಯುವುದೇ ನನ್ನ ಉದ್ಯೋಗವಾಗಿತ್ತು. ಜ್ವರ ಅಂತ ಬಂದವರ ರಕ್ತವನ್ನು ಒಂದೇ ಗಾಜಿನ ಸ್ಲೈಡಿನ ಮೇಲೆ ಒಂದು ಕಡೆ ದಪ್ಪಗೆ, ಇನ್ನೊಂದು ಕಡೆ ತೆಳ್ಳಗೆ ಸವರಿ ಒಣಗಿಸುತ್ತಿದ್ದೆವು. ತೆಳ್ಳಗೆ ಸವರಿದ್ದಕ್ಕೆ ಮೆಥನಾಲ್ ಹಾಕಿ, ಜೆಎಸ್‌ಬಿ ಬಣ್ಣದಲ್ಲಿ ಅದ್ದಿ, ಎಣ್ಣೆ ಲೆನ್ಸಿನಡಿ ಇಟ್ಟು ಮಲೇರಿಯಾ ಹುಡುಕುತ್ತಿದ್ದೆವು. ಬಸುರಿಯರು ಬಂದರೆ ಸಾಹ್ಲಿ ಕೊಳವೆಯಲ್ಲಿ ಆಮ್ಲ ಹಾಕಿ, ರಕ್ತ ಬೆರೆಸಿ, ಕಂದು ಬಣ್ಣ ಪಕ್ಕದ ಗಾಜಿಗೆ ಹೊಂದುವ ತನಕ ನೀರು ತೊಟ್ಟಿಕ್ಕಿಸಿ ಹಿಮೋಗ್ಲೋಬಿನ್ ಬರೆಯುತ್ತಿದ್ದೆವು. ಆಮೇಲೆ ಡಿಜಿಟಲ್ ಮೀಟರ್ ಬಂತು.

ಮೆಥನಾಲ್ ಬಿದ್ದ ಕೂಡಲೇ ಕೋಶ ಸಾಯುತ್ತದೆ, ಇದ್ದಂತೆಯೇ ಗಟ್ಟಿಯಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಆಮ್ಲದೊಳಗೆ ಬಿದ್ದರಂತೂ ಒಡೆದೇ ಹೋಗುತ್ತದೆ. ನಮ್ಮ ಕೆಲಸವೆಲ್ಲ ನಡೆದದ್ದು ಹೀಗೆ ಸತ್ತ ಕೋಶಗಳ ಮೇಲೆ. ಅವುಗಳ ಬಣ್ಣ ಬಲ್ಲೆವು, ಆಕಾರ ಬಲ್ಲೆವು, ಒಂದು ಘನ ಮಿಲಿಮೀಟರಿನಲ್ಲಿ ಸುಮಾರು 50 ಲಕ್ಷ ಕೆಂಪು ಕಣ ಇರಬೇಕೆಂದೂ ಬಲ್ಲೆವು. ಆದರೆ ಆ ಕಣ ಬದುಕಿದ್ದಾಗ ಮೈಯೊಳಗೆ ಹೇಗೆ ನಡೆಯುತ್ತಿತ್ತು, ಇಕ್ಕಟ್ಟಿನಲ್ಲಿ ಬಾಗುತ್ತಿತ್ತೋ ಬಿಗಿದುಕೊಳ್ಳುತ್ತಿತ್ತೋ ಎಂಬುದನ್ನು ನಮ್ಮ ಯಾವ ರಿಜಿಸ್ಟರಿನಲ್ಲೂ ಬರೆಯಲು ಕಾಲಂ ಇರಲಿಲ್ಲ. ನೀವು ಅಳೆಯುವುದು ಅದನ್ನೇ.

ನಿವೃತ್ತಿಯಾದ ಮೇಲೆ ನಿಮ್ಮ ಕ್ಷೇತ್ರದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಓದಿದಷ್ಟೂ ಒಂದು ಮಾತು ಮನಸ್ಸಿನಲ್ಲಿ ಬಲಿಯಿತು. ಅದನ್ನು ಸುತ್ತಿಬಳಸದೆ ಹೇಳುತ್ತೇನೆ. ನೀವು ಅಳೆಯುವುದು ಬದುಕಿರುವ ಕೋಶವನ್ನು. ಬದುಕಿರುವ ಕೋಶ ದೂರದ ಪ್ರಯಾಣ ತಾಳುವುದಿಲ್ಲ. ಆದ್ದರಿಂದ ನಿಮ್ಮ ಉಪಕರಣವೇ ನಮ್ಮ ಕಡೆ ಬರಬೇಕು. ನಿಮಗಷ್ಟೇ ಬರೆಯದೆ ಎಲ್ಲರೂ ಓದುವಂತೆ ಬರೆಯುತ್ತಿರುವುದು ಯಾಕೆಂದರೆ, ನಮ್ಮ ಜಿಲ್ಲೆಯ ಡಾಕ್ಟರುಗಳೂ ಆಶಾ ಕಾರ್ಯಕರ್ತೆಯರೂ ಅನುದಾನ ಹಂಚುವವರೂ ಇದನ್ನು ಯೋಚಿಸಬೇಕು.

ಕೆಂಪು ರಕ್ತಕಣದ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ನನಗೆ ಪರಿಚಯ ಇರುವುದು ಅದರದ್ದೇ. ಅದರ ಅಗಲ ಸುಮಾರು 8 ಮೈಕ್ರಾನ್. ಅದು ಹಾಯ್ದು ಹೋಗಬೇಕಾದ ಅತಿ ಸಣ್ಣ ರಕ್ತನಾಳಗಳು ಕೆಲವು ಕಡೆ ಆ ಅಗಲದ ಅರ್ಧದಷ್ಟೇ ಇರುತ್ತವೆ. ಕಣಕ್ಕೆ ಕೋಶಕೇಂದ್ರ ಇಲ್ಲ. ಪೊರೆಯ ಒಳಮೈಗೆ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಬಲೆ ಹೆಣೆದಿದೆ. ಆ ಬಲೆಯ ದೆಸೆಯಿಂದಲೇ ಅದು ಮಡಚಿಕೊಂಡು, ಉದ್ದವಾಗಿ, ಸಂದಿಯಲ್ಲಿ ನುಸುಳಿ, ಆಚೆ ದಾಟಿದ ಮೇಲೆ ಮತ್ತೆ ತಟ್ಟೆಯಂತಾಗುತ್ತದೆ. 120 ದಿನದ ಆಯುಷ್ಯದಲ್ಲಿ ಈ ಕೆಲಸವನ್ನು ಲೆಕ್ಕವಿಲ್ಲದಷ್ಟು ಸಲ ಮಾಡುತ್ತದೆ.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ನಡೆಯುವುದು ಗುಲ್ಮದಲ್ಲಿ. ಅಲ್ಲಿರುವ ಸೀಳುಗಳ ಅಗಲ 1 ಮೈಕ್ರಾನಿಗೂ ಕಡಿಮೆ. ಮೆತ್ತಗಿರುವ ಕಣ ಹಿಂಡಿಕೊಂಡು ದಾಟುತ್ತದೆ. ಬಿಗಿಯಾದ ಕಣ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಭಕ್ಷಕ ಕೋಶಗಳು ಅದನ್ನು ನುಂಗಿ ಮುಗಿಸುತ್ತವೆ. ನಿಮ್ಮ ಯಾವ ಉಪಕರಣವೂ ಹುಟ್ಟುವ ಮೊದಲಿನಿಂದಲೂ ನಮ್ಮ ಎಡಪಕ್ಕೆಯ ಕೆಳಗೆ ಇಂಥದೊಂದು ಅಳತೆ ನಡೆಯುತ್ತಿದೆ. ಮಲೇರಿಯಾ ಪರೋಪಜೀವಿ ಹೊಕ್ಕ ಕಣ ಬಿಗಿಯಾಗುತ್ತದೆ. ಫಾಲ್ಸಿಪೇರಂ ಜಾತಿಯದ್ದಾದರೆ ಅದು ಬಲಿಯುವ ಹೊತ್ತಿಗೆ ಪೊರೆಯ ಬಿಗಿತನ ಆರೋಗ್ಯವಂತ ಕಣದ 10 ಪಟ್ಟಿನ ತನಕ ಏರಬಹುದೆಂದು ಸುಬ್ರಾ ಸುರೇಶ್ ಮತ್ತು ಸಂಗಡಿಗರು 2005ರಲ್ಲಿ ಲೇಸರ್ ಚಿಮಟದಲ್ಲಿ ಹಿಡಿದು ತೋರಿಸಿದರು. ಇಂಥ ಕಣಗಳನ್ನು ತಡೆದು ತಡೆದು ಗುಲ್ಮ ಊದಿಕೊಳ್ಳುತ್ತದೆ. ನಮ್ಮ ಹಿರಿಯರು ಅದನ್ನು ಜ್ವರಗಡ್ಡೆ ಎನ್ನುತ್ತಿದ್ದರು. 1840ರ ದಶಕದಲ್ಲಿಯೇ ಡೆಂಪ್‌ಸ್ಟರ್ ಎಂಬ ವೈದ್ಯ ಉತ್ತರದ ಯಮುನಾ ಕಾಲುವೆಯ ಊರುಗಳಲ್ಲಿ ಜನರ ಹೊಟ್ಟೆ ಮುಟ್ಟಿ, ಎಷ್ಟು ಮಂದಿಗೆ ಗುಲ್ಮ ಊದಿದೆ ಎಂದು ಎಣಿಸಿ, ಯಾವ ಊರಿನಲ್ಲಿ ಜ್ವರ ಎಷ್ಟು ಎಂದು ಅಂದಾಜು ಮಾಡಿದ್ದ. ಕೈಬೆರಳಿನಲ್ಲಿ ಒತ್ತಿ ನೋಡುವುದು ಹಳೆಯ ವಿದ್ಯೆ. ನೀವು ಅದನ್ನು ಒಂದೊಂದು ಕೋಶದ ಮಟ್ಟಕ್ಕೆ ಇಳಿಸಿದ್ದೀರಿ.

ಕಾಲುವೆಯ ಮಾತು ನಮಗೆ ದೂರದ್ದಲ್ಲ. ಆನೆಗೊಂದಿಯ ಸುತ್ತ ವಿಜಯನಗರ ಕಾಲದ ಕಾಲುವೆಗಳಲ್ಲಿ ಈಗಲೂ ನೀರು ಹರಿಯುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಬಿಟ್ಟ ಮೇಲೆ ಎಡದಂಡೆ ಕಾಲುವೆಯ ಕೆಳಗೆ ಗಂಗಾವತಿ ಭತ್ತದ ಕಣಜವಾಯಿತು. ಗದ್ದೆಯಲ್ಲಿ ನಿಂತ ನೀರಿನ ಜೊತೆ ಸೊಳ್ಳೆಯೂ ಜ್ವರವೂ ಬಂದವು. ನನ್ನಂಥವರಿಗೆ ಸ್ಲೈಡು ನೋಡುವ ಕೆಲಸ ಸಿಕ್ಕಿದ್ದು ಆ ಜ್ವರದಿಂದ.

ನಿಮ್ಮ ವಿದ್ಯೆಯ ಚರಿತ್ರೆ ಓದುವಾಗ ನನಗೆ ಅತ್ಯಂತ ಇಷ್ಟವಾದದ್ದು ಫ್ರಾನ್ಸಿಸ್ ಕ್ರಿಕ್ ಜೀವವಿಜ್ಞಾನದಲ್ಲಿ ಮಾಡಿದ ಮೊದಲ ಕೆಲಸ. ಡಿಎನ್‌ಎ ರಚನೆಗಾಗಿ ಹೆಸರಾದ ಕ್ರಿಕ್, ಅದಕ್ಕೆ ಮೂರು ವರ್ಷ ಮೊದಲು, 1950ರಲ್ಲಿ, ಪ್ರಕಟವಾದ ಕೆಲಸದಲ್ಲಿ ಕೇಂಬ್ರಿಜ್‌ನ ಸ್ಟ್ರೇಂಜ್‌ವೇಸ್ ಪ್ರಯೋಗಾಲಯದಲ್ಲಿ ಆರ್ಥರ್ ಹ್ಯೂಸ್ ಜೊತೆಗೂಡಿ ಕೋಳಿಯ ಜೀವಕೋಶಗಳಿಗೆ ಕಾಂತ ಸೆಳೆಯುವ ಸಣ್ಣ ಕಣಗಳನ್ನು ನುಂಗಿಸಿದ. ಹೊರಗಿನಿಂದ ಕಾಂತ ಹಿಡಿದು ಆ ಕಣಗಳನ್ನು ಎಳೆದ, ತಿರುಗಿಸಿದ, ಕೋಶದ ಒಡಲಿನ ರಸ ನೀರಿನಂತಿದೆಯೋ ಅಂಟಿನಂತಿದೆಯೋ ಎಂದು ಆ ಚಲನೆಯಿಂದ ತಿಳಿಯಲು ನೋಡಿದ. ಸೂಜಿ ಚುಚ್ಚದೆ, ಕೋಶ ಸಾಯದೆ, ಒಳಗಿನ ಸುದ್ದಿ ಹೊರಗೆ ಬಂತು. ಅದೇ ದಾರಿಯಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಂಬರೀಶ್ ಘೋಷ್ ಅವರ ತಂಡ ತಿರುಪಿನಾಕಾರದ ನ್ಯಾನೊಮೋಟರುಗಳನ್ನು ಕಾಂತಕ್ಷೇತ್ರದಿಂದ ತಿರುಗಿಸುತ್ತ ಜೀವಂತ ಕೋಶದೊಳಗೆ ನಡೆಸುತ್ತಿದೆ.

ಮುಂದೆ ದಾರಿಗಳು ಹಲವಾದವು. ಮಿಚಿಸನ್ ಮತ್ತು ಸ್ವಾನ್ 1954ರಲ್ಲಿ ಕಡಲಜೀವಿಯೊಂದರ ಮೊಟ್ಟೆಯ ಮೈಯನ್ನು ಗಾಜಿನ ಸೂಕ್ಷ್ಮ ಕೊಳವೆಯಿಂದ ಹೀರಿ, ಎಷ್ಟು ಹೀರಿದರೆ ಎಷ್ಟು ಒಳಗೆ ಬರುತ್ತದೆ ಎಂದು ನೋಡಿದರು. 1986ರಲ್ಲಿ ಪರಮಾಣು ಬಲ ಸೂಕ್ಷ್ಮದರ್ಶಕ ಬಂತು. ತುದಿಯಲ್ಲಿ ಮೊನೆಯಿರುವ ತೆಳುಪಟ್ಟಿಯಿಂದ ಕೋಶವನ್ನು ಒತ್ತುವುದು, ಪಟ್ಟಿ ಎಷ್ಟು ಬಾಗಿತೆಂಬುದನ್ನು ಅದರ ಬೆನ್ನ ಮೇಲೆ ಬಿದ್ದು ಪ್ರತಿಫಲಿಸುವ ಲೇಸರ್‌ನಿಂದ ತಿಳಿಯುವುದು. ಅದೇ ಸುಮಾರಿಗೆ ಆರ್ಥರ್ ಆಶ್‌ಕಿನ್ ಬೆಳಕಿನಿಂದಲೇ ಸಣ್ಣ ಕಣಗಳನ್ನು ಹಿಡಿದಿಡುವ ಚಿಮಟ ಮಾಡಿದ, ಬ್ಯಾಕ್ಟೀರಿಯಾ ಸಾಯದಂತೆ ಹಿಡಿದು ತೋರಿಸಿದ. ಅದಕ್ಕೆ 2018ರಲ್ಲಿ, ಅವನ 96ನೇ ವಯಸ್ಸಿನಲ್ಲಿ, ನೊಬೆಲ್ ಬಂತು. 2007ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಿಮ್‌ಜೆವ್‌ಸ್ಕಿ, ರಾವ್ ಮುಂತಾದವರು ರೋಗಿಗಳ ಎದೆನೀರಿನಿಂದ ತೆಗೆದ ಕೋಶಗಳನ್ನು ಒತ್ತಿ ನೋಡಿ, ಹರಡುವ ಕ್ಯಾನ್ಸರಿನ ಕೋಶಗಳು ಅದೇ ರೋಗಿಯ ಸಹಜ ಕೋಶಗಳಿಗಿಂತ ಶೇ. 70ಕ್ಕೂ ಹೆಚ್ಚು ಮೆತ್ತಗಿರುವುದನ್ನು ಕಂಡರು. ಕಣ್ಣಿಗೆ ಎರಡೂ ಒಂದೇ ಥರ ಕಾಣುವಾಗಲೂ ಮೈಯ ಗುಣ ಬೇರೆ.

ನಮ್ಮವರು ಯಾರೆಂದು ಕೇಳುವ ಹುಡುಗರಿಗಾಗಿ ಇನ್ನೂ ಎರಡು ಹೆಸರು ಹೇಳಲೇಬೇಕು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರಮೋದ್ ಪುಲ್ಲಾರ್ಕಟ್ ಮತ್ತು ಸಂಗಡಿಗರು ಬಾಗಬಲ್ಲ ಒಂದು ಗಾಜಿನ ಎಳೆಯಿಂದ ಕೋಳಿ ಭ್ರೂಣದ ನರತಂತುವನ್ನು ಜಗ್ಗಿ, ಅದು ತಿರುಗಿ ಎಷ್ಟು ಬಲದಿಂದ ಎಳೆಯುತ್ತದೆ ಎಂದು ಅಳೆದರು. 2020ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಗೊತ್ತಾದದ್ದು ಇದು: ನರತಂತುವಿನೊಳಗೂ ಸ್ಪೆಕ್ಟ್ರಿನ್ ಇದೆ, ಜಗ್ಗಿದಾಗ ಅದರ ಮಡಿಕೆಗಳು ಬಿಚ್ಚಿಕೊಂಡು ಹೊಡೆತವನ್ನು ತಾಳಿಕೊಳ್ಳುತ್ತವೆ. ನಾನು ಬಣ್ಣ ಹಾಕಿ ನೋಡುತ್ತಿದ್ದ ರಕ್ತಕಣಕ್ಕೆ ಮೆದುತನ ಕೊಡುವ ಪ್ರೋಟೀನಿನ ಬಳಗವೇ, ನಾವು ಮೊಣಕಾಲು ಮಡಚಿದಾಗ ನರ ಹರಿಯದಂತೆಯೂ ಕಾಯುತ್ತಿದೆ. ಇದನ್ನು ಓದಿದ ದಿನ ಬಹಳ ಸಂತೋಷವಾಯಿತು. ಇನ್ನೊಬ್ಬರು ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಕೆ. ಅನಂತಸುರೇಶ್. ಅವರ ತಂಡ ಕೀಲು, ತಿರುಗಣಿ ಯಾವುದೂ ಇಲ್ಲದ, ತಾನೇ ಬಾಗಿ ಹಿಡಿಯುವ ಪುಟ್ಟ ಚಿಮಟಗಳನ್ನು ಮಾಡಿದೆ. ಚಿಮಟ ಎಷ್ಟು ಬಾಗಿತು ಎಂಬುದನ್ನು ಸೂಕ್ಷ್ಮದರ್ಶಕದ ಚಿತ್ರದಲ್ಲೇ ನೋಡಿ ಬಲದ ಲೆಕ್ಕ ತೆಗೆಯಬಹುದು. ಲ್ಯಾಬಿನವನ ಕಣ್ಣಿನಿಂದ ಹೇಳುವುದಾದರೆ, ತಾಲೂಕು ದವಾಖಾನೆಯ ಮೆಟ್ಟಿಲು ಹತ್ತಬಲ್ಲ ಯೋಚನೆ ಇದು. ಸೂಕ್ಷ್ಮದರ್ಶಕ ನಮ್ಮಲ್ಲಿ ಮೊದಲೇ ಇದೆ.

ನಮ್ಮೂರಿಗೆ ಬರುವವರೆಲ್ಲ ಬಂಡೆ ನೋಡಲು ಬರುತ್ತಾರೆ. ಅಂಜನಾದ್ರಿ ಬೆಟ್ಟ ಹತ್ತುತ್ತಾರೆ, ಬಂಡೆಗಳಿಗೆ ಜೋತುಬಿದ್ದು ಹತ್ತುವ ಅಭ್ಯಾಸ ಮಾಡುತ್ತಾರೆ. ಆ ಗ್ರಾನೈಟಿನ ಬಿಗಿತನ ಸುಮಾರು 50 ಗಿಗಾಪಾಸ್ಕಲ್. ಮೈಯೊಳಗಿನ ಬಹಳಷ್ಟು ಕೋಶಗಳದ್ದು 1 ಕಿಲೋಪಾಸ್ಕಲ್‌ನ ಆಚೀಚೆ. ನಡುವಿನ ಅಂತರ 5 ಕೋಟಿ ಪಟ್ಟು. ಅಷ್ಟು ಮೆತ್ತನೆಯದನ್ನು ಹಾಳು ಮಾಡದೆ ಅಳೆಯುವುದು ಎಷ್ಟು ನಾಜೂಕಿನ ಕೆಲಸ ಎಂದು ಊರಿನ ಶಾಲೆಯ ಮಕ್ಕಳಿಗೆ ಹೇಳಬೇಕಾದಾಗ ನಾನು ಈ ಲೆಕ್ಕ ಕೊಡುತ್ತೇನೆ.

ಈಗ ಕೇಳಲೇಬೇಕಾದ ಪ್ರಶ್ನೆ. ನಿಮ್ಮ ಅಳತೆಗಳು ಒಂದಕ್ಕೊಂದು ಹೊಂದುತ್ತಿಲ್ಲ, ಅಲ್ಲವೇ? 2018ರಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಸೇರಿ ಎಂಸಿಎಫ್-7 ಎಂಬ ಒಂದೇ ಜಾತಿಯ ಸ್ತನ ಕ್ಯಾನ್ಸರ್ ಕೋಶವನ್ನು ಬೇರೆ ಬೇರೆ ವಿಧಾನಗಳಲ್ಲಿ ಅಳೆದು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದವು. ಬಿಗಿತನದ ಅಂಕಿಗಳಲ್ಲಿ 1,000 ಪಟ್ಟು ವ್ಯತ್ಯಾಸ ಕಂಡಿತು, ಸ್ನಿಗ್ಧತೆಯಲ್ಲಿ 100 ಪಟ್ಟು. ಕಾರಣಗಳನ್ನೂ ಅವರೇ ಬಿಡಿಸಿ ಹೇಳಿದ್ದಾರೆ. ಎಷ್ಟು ಜೋರಾಗಿ ಒತ್ತಿದಿರಿ, ಎಷ್ಟು ವೇಗವಾಗಿ ಒತ್ತಿದಿರಿ, ಮೊನೆ ಚೂಪೋ ದುಂಡೋ, ಕೋಶದ ಯಾವ ಜಾಗದಲ್ಲಿ ಒತ್ತಿದಿರಿ, ಕೋಶ ಯಾವ ನೆಲದ ಮೇಲೆ ಕೂತಿತ್ತು, ಇವೆಲ್ಲವೂ ಅಂಕಿಯನ್ನು ಬದಲಿಸುತ್ತವೆ. ಕೋಶ ಕಲ್ಲಲ್ಲ, ಮುಟ್ಟಿದರೆ ಪ್ರತಿಕ್ರಿಯಿಸುತ್ತದೆ. ಮೆಲ್ಲಗೆ ಒತ್ತಿದರೆ ದ್ರವದ ಹಾಗೆ ಹರಿಯುತ್ತದೆ, ಥಟ್ಟನೆ ಒತ್ತಿದರೆ ಸೆಟೆಯುತ್ತದೆ. ಅದು ಕೂತ ನೆಲದ ಪ್ರಭಾವ ಎಷ್ಟೆಂದರೆ, ಡೆನ್ನಿಸ್ ಡಿಶರ್ ಅವರ ಪ್ರಯೋಗಾಲಯದಲ್ಲಿ ಆಡಂ ಎಂಗ್ಲರ್, ಶಮಿಕ್ ಸೇನ್ ಮುಂತಾದವರು 2006ರಲ್ಲಿ ತೋರಿಸಿದ ಹಾಗೆ, ಒಂದೇ ಆಕರ ಕೋಶ ಮಿದುಳಿನಷ್ಟು ಮೆತ್ತಗಿನ ನೆಲದಲ್ಲಿ ನರಕೋಶದ ಕಡೆಗೂ, ಗಟ್ಟಿ ನೆಲದಲ್ಲಿ ಮೂಳೆಯ ಕಡೆಗೂ ವಾಲುತ್ತದೆ.

ಇದನ್ನು ದೋಷವೆಂದು ಎತ್ತಿ ಆಡುತ್ತಿಲ್ಲ. ಆದರೆ ದವಾಖಾನೆಗೆ ಬರಬೇಕಾದ ಅಳತೆಗೆ ಇದು ಸಾಲದು. ಹಿಂದೆ ನಮ್ಮ ಕಡೆ ಊರಿಗೊಂದು ಸೇರು ಇತ್ತು, ಈ ಸಂತೆಯ ಸೇರು ಆ ಸಂತೆಯಲ್ಲಿ ಮುಕ್ಕಾಲಾಗುತ್ತಿತ್ತು. 1956ರಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಬಂದು ಕಿಲೋ, ಲೀಟರ್ ನೆಲೆಯಾದ ಮೇಲೆಯೇ ರೈತನಿಗೆ ತನ್ನ ಜೋಳ ಎಷ್ಟೆಂದು ಎಲ್ಲ ಕಡೆಯೂ ಒಂದೇ ಉತ್ತರ ಸಿಕ್ಕಿದ್ದು. ಹಿಮೋಗ್ಲೋಬಿನ್ನಿಗೆ ಅಂಥ ಒಪ್ಪಿತ ಅಳತೆ ಇದೆ. ಬಸುರಿಯಲ್ಲದ ಹೆಂಗಸಿಗೆ ಡೆಸಿಲೀಟರಿಗೆ 12 ಗ್ರಾಂ, ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದು ಯಲಬುರ್ಗಾದ ಉಪಕೇಂದ್ರದಲ್ಲೂ ಬರ್ಲಿನ್ನಿನಲ್ಲೂ ಒಂದೇ ಮಾತು. ಕೋಶದ ಮೆದುತನಕ್ಕೂ ಇಂಥ ಮಾತು ಬೇಕು. ಇಂಥ ವಿಧಾನದಲ್ಲಿ, ಇಷ್ಟು ವೇಗದಲ್ಲಿ, ಇಷ್ಟು ತಾಪಮಾನದಲ್ಲಿ ಅಳೆದರೆ ಆರೋಗ್ಯವಂತರ ಕಣ ಇಷ್ಟು ಬಾಗಬೇಕು ಎಂದು ನೀವೆಲ್ಲ ಕೂತು ಒಪ್ಪಿಕೊಳ್ಳಿ. ಅಲ್ಲಿಯವರೆಗೆ ನಮ್ಮ ಡಾಕ್ಟರು ನಿಮ್ಮ ಅಂಕಿಯನ್ನು ನಂಬಿ ಔಷಧ ಬರೆಯಲಾರರು.

ನಮ್ಮ ಜಿಲ್ಲೆಯಲ್ಲೇ ಯಾಕೆ ಎಂದು ಕೇಳಬಹುದು. ಹೊಸಪೇಟೆಯಿಂದ ಕೊಪ್ಪಳದ ಕಡೆ ಬರುವಾಗ ಗಿಣಿಗೇರಾದ ಸುತ್ತ ಸ್ಪಾಂಜ್ ಐರನ್, ಉಕ್ಕಿನ ಕಾರ್ಖಾನೆಗಳ ಚಿಮಣಿ ಕಾಣುತ್ತವೆ. ನದಿಯ ಆಚೆ ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರು. ನಮ್ಮ ತಾಲೂಕಿನದೇ ಹಿರೇಬೆಣಕಲ್ಲಿನ ಮೋರೇರ ಗುಡ್ಡದಲ್ಲಿ ಕಬ್ಬಿಣಯುಗದವರು ಎಬ್ಬಿಸಿದ ಕಲ್ಲುಮನೆಗಳು ನೂರಾರು ನಿಂತಿವೆ. ಇಷ್ಟು ಕಬ್ಬಿಣದ ನಡುವೆ ಬದುಕುವ ತಾಯಂದಿರ ರಕ್ತದಲ್ಲಿ ಕಬ್ಬಿಣ ಇಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ಕ್ಕೆ ರಕ್ತಹೀನತೆ. ಭತ್ತದ ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚುವ ಹೆಣ್ಣುಮಕ್ಕಳ ಬಿಳಿಚಿದ ಕಣ್ಣುರೆಪ್ಪೆಯ ಒಳಮೈಯನ್ನು ನಾನು ನೋಡಿದ್ದೇನೆ. 2018ರಿಂದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮ ನಡೆದಿದೆ. ಬಸುರಿಯರಿಗೆ ಕೆಂಪು ಮಾತ್ರೆ, ಹರೆಯದ ಮಕ್ಕಳಿಗೆ ನೀಲಿ ಮಾತ್ರೆ ಹಂಚುತ್ತಾರೆ. ಹಂಚುವವರ ಶ್ರಮ ದೊಡ್ಡದು.

ಇದರಲ್ಲಿ ನಿಮ್ಮ ಕೆಲಸ ಎಲ್ಲಿ ಬರುತ್ತದೆ ಎಂದರೆ, ಕಬ್ಬಿಣದ ಕೊರತೆಯಲ್ಲಿ ಕಣ ಬರೀ ಸಣ್ಣದಾಗಿ ಬಿಳಿಚುವುದಿಲ್ಲ, ಅದರ ಪೊರೆ ಬಿಗಿಯೂ ಆಗುತ್ತದೆ. 1983ರಲ್ಲಿ ಇದನ್ನು ಪ್ರಕಟಿಸಿದವರಲ್ಲಿ ನಾರ್ಲ ಮೋಹನ್‌ದಾಸ್ ಒಬ್ಬರು. ಅದಕ್ಕೂ ಮೊದಲು, 1975ರಲ್ಲಿ, ಅವರು ಪ್ಯಾರಿಸ್ಸಿನ ಮಾರ್ಸೆಲ್ ಬೆಸ್ಸಿ ಜೊತೆ ಎಕ್ಟಾಸೈಟೋಮೀಟರ್ ಎಂಬ ಉಪಕರಣ ಕಟ್ಟಿದ್ದರು. ರಕ್ತವನ್ನು ತಿರುಗುವ ಗೋಡೆಗಳ ನಡುವೆ ಇಟ್ಟು ಲೇಸರ್ ಹಾಯಿಸಿದರೆ, ಕಣಗಳು ದುಂಡಗಿರುವಾಗ ಬೆಳಕಿನ ಚಿತ್ರ ದುಂಡಗೆ, ಹಿಗ್ಗಿದಾಗ ಕೋಳಿಮೊಟ್ಟೆಯಾಕಾರ. ಹಿಗ್ಗದ ಕಣಗಳಿದ್ದರೆ ಚಿತ್ರ ದುಂಡಗೇ ಉಳಿಯುತ್ತದೆ. ಅಷ್ಟು ಸರಳ ತತ್ವ. ಅದು ಬಂದು ಐವತ್ತು ವರ್ಷವಾಯಿತು, ನಮ್ಮಂಥ ಊರಿನ ಯಾವ ಲ್ಯಾಬಿನಲ್ಲೂ ಅದನ್ನು ನಾನು ಕಂಡಿಲ್ಲ.

ಇನ್ನೊಂದು ಸಂಗತಿ. ಕಬ್ಬಿಣದ ಕೊರತೆಯವರ ಹಾಗೆ ಥಲಸೇಮಿಯಾ ವಾಹಕರ ಕಣಗಳೂ ಸಣ್ಣವೇ, ಹಿಮೋಗ್ಲೋಬಿನ್ ಅವರಿಗೂ ಕಡಿಮೆಯೇ. ನಮ್ಮ ಮೀಟರಿನಲ್ಲಿ ಇಬ್ಬರದ್ದೂ ಒಂದೇ ಅಂಕಿ ತೋರಿಸುತ್ತದೆ. ಕಬ್ಬಿಣದ ಮಾತ್ರೆ ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ಉಪಯೋಗವಿಲ್ಲ. ಬೇರ್ಪಡಿಸಲು ದೊಡ್ಡ ಆಸ್ಪತ್ರೆಯ ಪರೀಕ್ಷೆ ಬೇಕು. ಕಣದ ಮೈಗುಣ ನೋಡಿ ಇಬ್ಬರನ್ನು ಹಳ್ಳಿಯಲ್ಲೇ ಬೇರೆ ಮಾಡಲು ಬರುತ್ತದೆಯೇ? ಇದು ನಾನು ನಿಮಗೆ ನೇರವಾಗಿ ಕೇಳುವ ಪ್ರಶ್ನೆ. ಬರುವುದಿಲ್ಲ ಎಂದು ಪರೀಕ್ಷೆ ಮಾಡಿ ಹೇಳಿದರೂ ಅದು ನಮಗೆ ಬೇಕಾದ ಉತ್ತರವೇ.

ಜರ್ಮನಿಯಲ್ಲಿ ಯೋಖೆನ್ ಗುಕ್ ಅವರ ತಂಡ 2015ರಲ್ಲಿ ತೋರಿಸಿದ ವಿಧಾನದಲ್ಲಿ ಕೋಶಗಳನ್ನು ಕೂದಲಿಗಿಂತ ಸಣ್ಣ ಕಾಲುವೆಯಲ್ಲಿ ಹರಿಯಬಿಟ್ಟು, ವೇಗದ ಕ್ಯಾಮೆರಾದಿಂದ ಸೆಕೆಂಡಿಗೆ ನೂರಾರು ಕೋಶಗಳ ಆಕಾರ ಬದಲಾಗುವುದನ್ನು ಸೆರೆಹಿಡಿಯಬಹುದು. 2018ರಲ್ಲಿ ಅದೇ ತಂಡ ಒಂದು ಹನಿ ರಕ್ತದಿಂದ ಮಲೇರಿಯಾ, ಸೋಂಕು, ರಕ್ತ ಕ್ಯಾನ್ಸರಿನ ಗುರುತುಗಳನ್ನು ನೋಡಿತು. ಒಂದು ಹನಿ. ನಮ್ಮ ಲ್ಯಾನ್ಸೆಟ್ ತೆಗೆಯುವುದೂ ಅಷ್ಟನ್ನೇ.

ಆ ಹನಿಯನ್ನು ನಾವೇ ಬೆಂಗಳೂರಿಗೆ ಕಳಿಸಿಕೊಡಬಹುದಲ್ಲ ಎಂದು ನೀವು ಹೇಳಬಹುದು. ಹಂಪಿ ಎಕ್ಸ್‌ಪ್ರೆಸ್ ಒಂದು ರಾತ್ರಿಯಲ್ಲಿ ತಲುಪಿಸುತ್ತದೆ. ಆದರೆ ರಕ್ತ ಮೈಯಿಂದ ಹೊರಬಿದ್ದ ಗಳಿಗೆಯಿಂದಲೇ ಅದರ ಗುಣ ಬದಲಾಗತೊಡಗುತ್ತದೆ. ರಕ್ತನಿಧಿಯ ಚೀಲದಲ್ಲಿ ಸೂಕ್ತ ದ್ರವ ಹಾಕಿ, ತಣ್ಣಗಿಟ್ಟು, 35 ಅಥವಾ 42 ದಿನ ಕಾಯ್ದಿಟ್ಟ ಕಣಗಳೂ ದಿನೇ ದಿನೇ ಶಕ್ತಿ ಕಳೆದುಕೊಂಡು ಬಿಗಿಯಾಗುತ್ತ ಹೋಗುವುದು ನಿಮಗೇ ಗೊತ್ತು. ಮೇ ತಿಂಗಳ ಬಿಸಿಲಲ್ಲಿ ಕುಷ್ಟಗಿಯ ಹಳ್ಳಿಯಿಂದ ಬಸ್ಸು ಹತ್ತಿ, ಕೊಪ್ಪಳದಲ್ಲಿ ಕಾದು, ರೈಲಿನಲ್ಲಿ ಅಲುಗಾಡುತ್ತ ಬಂದ ಕಣವನ್ನು ಅಳೆದರೆ ನೀವು ಅಳೆದದ್ದು ಆ ಪ್ರಯಾಣವನ್ನು, ಆ ತಾಯಿಯ ಆರೋಗ್ಯವನ್ನಲ್ಲ. ಹಿಮೋಗ್ಲೋಬಿನ್ನಿನ ಪ್ರಮಾಣ ಪ್ರಯಾಣದಲ್ಲಿ ಅಷ್ಟು ಬದಲಾಗುವುದಿಲ್ಲ, ಮೆದುತನ ಬದಲಾಗುತ್ತದೆ. ಹಾಗಾಗಿಯೇ ನಿಮ್ಮ ವಿದ್ಯೆ ಬೇರೆ ರಕ್ತಪರೀಕ್ಷೆಗಳ ಹಾಗೆ ರಾಜಧಾನಿಯಲ್ಲಿ ಕೂತು ನಡೆಯುವಂಥದ್ದಲ್ಲ.

ಪರೀಕ್ಷೆ ಜನರಿದ್ದಲ್ಲಿಗೆ ಬರಬಹುದು ಎಂಬುದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ಚಾಮರಾಜನಗರ, ಮೈಸೂರು, ಕೊಡಗಿನ ಸೋಲಿಗ, ಜೇನುಕುರುಬ ಮುಂತಾದ ಸಮುದಾಯಗಳಲ್ಲಿ ಕುಡಗೋಲು ಕಣದ ರೋಗವಿದೆ. ಆಮ್ಲಜನಕ ಬಿಟ್ಟುಕೊಟ್ಟಾಗ ಕಣ ಸೆಟೆದು ಬಾಗಿ ರಕ್ತನಾಳ ಕಟ್ಟುವ ರೋಗ ಅದು. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆಯ ಕಿಟ್ಟುಗಳು ಹಾಡಿಗಳ ಬಾಗಿಲಿಗೆ ಹೋಗುತ್ತಿವೆ. ಆದರೆ ಆ ಕಿಟ್ಟು ಹೇಳುವುದು ಹಿಮೋಗ್ಲೋಬಿನ್ ಯಾವ ಬಗೆಯದು ಎಂದಷ್ಟೇ. ಈ ಮಗುವಿನ ಕಣ ಇವತ್ತು ಎಷ್ಟು ಬಿಗಿದಿದೆ, ನೋವು ಬರುವ ಸೂಚನೆ ಇದೆಯೇ, ಕೊಡುತ್ತಿರುವ ಔಷಧದಿಂದ ಕಣ ಮೆತ್ತಗಾಯಿತೇ ಎಂದು ಹೇಳಬೇಕಾದವರು ನೀವು.

ಬರುವಾಗ ಒಂದು ವಿಚಾರ ಮನಸ್ಸಿನಲ್ಲಿರಲಿ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡದ್ದು ಸಿಕಂದರಾಬಾದಿನ ದಂಡಿನಲ್ಲಿ. ಅದು ನಿಜಾಮರ ಸೀಮೆಯ ನಡುವೆ ಇತ್ತು, ನಮ್ಮ ಗಂಗಾವತಿ, ಕೊಪ್ಪಳವೂ ಆಗ ಅದೇ ಸೀಮೆ. ಹುಸೇನ್ ಖಾನ್ ಎಂಬ ಜ್ವರದ ರೋಗಿಯನ್ನು ಸೊಳ್ಳೆಗಳಿಂದ ಕಚ್ಚಿಸಿ, ಸೊಳ್ಳೆಗೊಂದಾಣೆಯಂತೆ ಹಣ ಕೊಟ್ಟಿದ್ದರು. ರಾಸ್‌ಗೆ 1902ರಲ್ಲಿ ನೊಬೆಲ್ ಬಂತು. ಹುಸೇನ್ ಖಾನನ ಜ್ವರ ಏನಾಯಿತೆಂದು ಕೇಳಿದವರು ಕಡಿಮೆ. ನಾನು ಕೆಲಸದಲ್ಲಿದ್ದಾಗಲೂ ದೂರದ ಊರಿನಿಂದ ಅಧ್ಯಯನಕ್ಕೆಂದು ಬಂದವರಿದ್ದರು. ರಕ್ತ ತೆಗೆದುಕೊಂಡು ಹೋದರು, ಫಲಿತಾಂಶ ಯಾವ ಮನೆಗೂ ಬರಲಿಲ್ಲ. ಹೆಂಗಸರು ಆಮೇಲೆ ನಮ್ಮ ಲ್ಯಾಬಿಗೂ ಬೆರಳು ಕೊಡಲು ಹಿಂದೆಗೆದರು. ನೀವು ಹಾಗೆ ಮಾಡಬೇಡಿ. ಏನು ಮಾಡುತ್ತೀರಿ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿ, ಒಪ್ಪಿಗೆ ಕೇಳಿ, ಒಪ್ಪದವರನ್ನು ಬಿಟ್ಟುಬಿಡಿ, ಬಂದ ಉತ್ತರವನ್ನು ಅವರ ಕೈಗೆ ಕೊಡಿ.

ಜಾಗದ ಚಿಂತೆ ಬೇಡ. ಕೊಪ್ಪಳದಲ್ಲಿ 2015ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ, ಜಿಲ್ಲಾ ಆಸ್ಪತ್ರೆ ಅದಕ್ಕೆ ಸೇರಿದೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆಂದು ಪ್ರತ್ಯೇಕ ಮಂಡಳಿಯಿದೆ, ಪ್ರತಿ ವರ್ಷ ಹಣ ಬರುತ್ತದೆ. ರಸ್ತೆಗೆ, ಕಟ್ಟಡಕ್ಕೆ ಹೋಗುವ ಆ ಹಣದಲ್ಲಿ ಒಂದು ಪಾಲು ಈ ಕೆಲಸಕ್ಕೂ ಸಲ್ಲಲಿ ಎಂದು ಜಿಲ್ಲೆಯ ಪ್ರತಿನಿಧಿಗಳನ್ನು ಈ ಪತ್ರದ ಮೂಲಕವೇ ಕೇಳುತ್ತಿದ್ದೇನೆ. ನಮ್ಮ ಲ್ಯಾಬ್ ತಂತ್ರಜ್ಞರು ಕೈ ಪಳಗಿದವರು. ಕಲಿಸಿದರೆ ನಿಮ್ಮ ಯಂತ್ರವನ್ನೂ ನಡೆಸುತ್ತಾರೆ.

ಚಳಿಗಾಲದಲ್ಲಿ ಬಂದು, ಹಂಪಿ ನೋಡಿಕೊಂಡು, ಆರೋಗ್ಯವಂತ ಕಾಲೇಜು ಹುಡುಗರ ರಕ್ತದಲ್ಲಿ ಒಂದು ಪ್ರಯೋಗ ಮಾಡಿ ಹೋಗುವ ಆಲೋಚನೆ ಇದ್ದರೆ ಅದು ಬೇಡ. ಏಪ್ರಿಲ್ ಕೊನೆಗೆ ಬನ್ನಿ. ಹೊರಗೆ 40 ಡಿಗ್ರಿ ದಾಟಿರುತ್ತದೆ, ಮಧ್ಯಾಹ್ನ ಕರೆಂಟ್ ಹೋಗುತ್ತದೆ, ವೋಲ್ಟೇಜ್ ಏರಿಳಿಯುತ್ತದೆ, ದೂಳು ಲೆನ್ಸಿನ ಮೇಲೆ ಕೂಡುತ್ತದೆ. ಆ ದಿನಗಳಲ್ಲಿ ಬೆಳಿಗ್ಗೆ ಏಳಕ್ಕೆ ತಾಯಂದಿರ ತಪಾಸಣೆಯ ಸಾಲಿನ ಪಕ್ಕ ನಿಮ್ಮ ಮೇಜು ಹಾಕಿ, ಬೆರಳಿನಿಂದ ಬಂದ ಹನಿಯನ್ನು ಅಲ್ಲೇ ಹರಿಯಬಿಟ್ಟು, ಬೆಂಗಳೂರಿನಲ್ಲಿ ಬಂದ ಅಂಕಿಯೇ ಇಲ್ಲಿಯೂ ಬರುತ್ತದೋ ಇಲ್ಲವೋ ನೋಡಿ. ಬಾರದಿದ್ದರೆ ಏನು ಕೊರತೆ ಎಂದು ಬರೆದುಕೊಂಡು ಹೋಗಿ, ಸರಿಮಾಡಿಕೊಂಡು ಮುಂದಿನ ಏಪ್ರಿಲ್‌ಗೆ ಮತ್ತೆ ಬನ್ನಿ. ಉಳಿಯಲು ಆನೆಗೊಂದಿಯಲ್ಲಿ ಮನೆಗಳಿವೆ, ಊಟಕ್ಕೆ ಕೊರತೆಯಿಲ್ಲ. ದವಾಖಾನೆಯವರ ಜೊತೆ ಮಾತಾಡುವುದು, ಹಳ್ಳಿಗಳಲ್ಲಿ ಹೇಳಿಬರುವುದು ನನ್ನ ಜವಾಬ್ದಾರಿ. ನಿಮ್ಮ ಉತ್ತರವನ್ನು ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ತಂತ್ರಜ್ಞ
ಆನೆಗೊಂದಿ, ಗಂಗಾವತಿ ತಾಲೂಕು, ಕೊಪ್ಪಳ ಜಿಲ್ಲೆ